ಮಗುವನ್ನು ಬೋರಲು ಮಲಗಿಸಿದ ಸಿಸ್ಟರಿಗೆ ಒಂದು ಫೋನ್ ನಂಬರ್ ಕೊಡಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಒಂದೇ ಪತ್ರವನ್ನು ಇಬ್ಬರು ಸಚಿವರಿಗೆ ಬರೆಯುವುದು ಶಿಷ್ಟಾಚಾರವಲ್ಲ ಎಂದು ಬಲ್ಲೆ. ಆದರೆ ನನ್ನ ಮೊಮ್ಮಗ ಹುಟ್ಟಿದ ತಾಲ್ಲೂಕು ಆಸ್ಪತ್ರೆ ನಿಮ್ಮಲ್ಲೊಬ್ಬರ ಇಲಾಖೆಗೆ ಸೇರಿದ್ದು. ಉಸಿರಿನ ದಾರಿ ಮುಚ್ಚಿಕೊಂಡು ಹುಟ್ಟುವ ಅವನಂಥ ಮಕ್ಕಳನ್ನು ಕಳುಹಿಸಬೇಕಾದ ವೈದ್ಯಕೀಯ ಕಾಲೇಜುಗಳು ಇನ್ನೊಬ್ಬರವು. ನಡುವಿನ ರಸ್ತೆ ಯಾರದೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಮಗು ಕೈಬಿಟ್ಟು ಹೋಗಲಿದ್ದದ್ದು ಆ ರಸ್ತೆಯ ಮೇಲೆಯೇ. ಹಾಗಾಗಿ ಇಬ್ಬರಿಗೂ ಬರೆಯುತ್ತಿದ್ದೇನೆ.

ನಾನು ಶಿರಸಿ ತಾಲ್ಲೂಕಿನವನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತನಾಗಿ, ಈಗ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ವೈದ್ಯನಲ್ಲ. ಆದರೆ ಒಂದೂವರೆ ವರ್ಷ ನಮ್ಮ ಮನೆಯ ನಡುಮನೆಯಲ್ಲಿ ಒಂದು ಸಣ್ಣ ಐಸಿಯು ನಡೆಸಿದ ಅನುಭವವಿದೆ. ಅದರ ಹಕ್ಕಿನಿಂದ ಮಾತಾಡುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ರಾತ್ರಿ ಮಗಳಿಗೆ ಸಹಜ ಹೆರಿಗೆಯಾಯಿತು. ಗಂಡು ಮಗು, ಎರಡು ಕಿಲೋ ಎಂಟುನೂರು ಗ್ರಾಂ. ಹುಟ್ಟಿದ ಕೂಡಲೇ ಅತ್ತಿತು, ನಾವೂ ನಿಟ್ಟುಸಿರು ಬಿಟ್ಟೆವು. ಅಳು ನಿಂತದ್ದೇ ತಡ, ತುಟಿ ನೇರಳೆ ಹಣ್ಣು ತಿಂದವರ ತುಟಿಯ ಬಣ್ಣಕ್ಕೆ ತಿರುಗಿತು. ಪ್ರತಿ ಉಸಿರಿಗೂ ಎದೆಗೂಡಿನ ಕೆಳಗೆ ಹೊಂಡ ಬೀಳುತ್ತಿತ್ತು. ಆಮ್ಲಜನಕ ಹಿಡಿದರೂ ಬಣ್ಣ ಬರಲಿಲ್ಲ. ಎಳೆಯ ವಯಸ್ಸಿನ ಡ್ಯೂಟಿ ಡಾಕ್ಟರು ನ್ಯುಮೋನಿಯಾ ಇರಬಹುದೆಂದು ಹೇಳುತ್ತಿದ್ದಾಗ, ಹೆರಿಗೆ ವಾರ್ಡಿನ ಹಿರಿಯ ಸಿಸ್ಟರೊಬ್ಬರು ಬಾಗಿ ಮಗುವಿನ ಮುಖವನ್ನು ನೋಡಿದರು. ಎದುರಿನಿಂದಲ್ಲ, ಪಕ್ಕದಿಂದ. ಗದ್ದ ಇರಬೇಕಾದಲ್ಲಿ ಗದ್ದವೇ ಇರಲಿಲ್ಲ. ಕೆಳತುಟಿಯಿಂದ ಕುತ್ತಿಗೆಗೆ ನೇರ ಇಳಿಜಾರು. ಅವರು ಒಂದು ಮಾತೂ ಆಡದೆ ಮಗುವನ್ನು ಎತ್ತಿ ಅಂಗೈಯ ಮೇಲೆ ಬೋರಲು ಹಾಕಿಕೊಂಡರು. ಹತ್ತು ಎಣಿಸುವಷ್ಟರಲ್ಲಿ ತುಟಿ ಕೆಂಪಾಯಿತು.

ಅಷ್ಟೇ. ಯಂತ್ರವಿಲ್ಲ, ಔಷಧವಿಲ್ಲ. ಕೆಳದವಡೆ ಬೆಳೆಯದೆ ಹಿಂದೆ ಉಳಿದಿದ್ದರಿಂದ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚುತ್ತಿತ್ತು. ಬೋರಲು ಹಾಕಿದಾಗ ಭೂಮಿಯ ಸೆಳೆತವೇ ಅದನ್ನು ಮುಂದಕ್ಕೆ ಎಳೆಯಿತು. ಆ ಗುರುತ್ವಾಕರ್ಷಣೆಯನ್ನು ನಾನು ಮೂವತ್ತೊಂದು ವರ್ಷ ಕಲಿಸಿದ್ದೆ. ಆ ರಾತ್ರಿ ಮಾತ್ರ ಅದು ನನಗೆ ಹೊಳೆಯಲಿಲ್ಲ, ಸಿಸ್ಟರಿಗೆ ಹೊಳೆಯಿತು.

ಇದಕ್ಕೆ ಪಿಯರ್ ರಾಬಿನ್ ಸೀಕ್ವೆನ್ಸ್ ಎಂದು ಹೆಸರು. ಫ್ರಾನ್ಸಿನ ಬಾಯಿ–ಹಲ್ಲಿನ ವೈದ್ಯ ಪಿಯರ್ ರಾಬಿನ್ 1923ರಲ್ಲಿ ವಿವರಿಸಿದ್ದು. ಸಣ್ಣ ದವಡೆ, ಹಿಂದಕ್ಕೆ ಬೀಳುವ ನಾಲಿಗೆ, ಮುಚ್ಚಿಕೊಳ್ಳುವ ಉಸಿರಿನ ದಾರಿ. ಹೆಚ್ಚಿನ ಮಕ್ಕಳಿಗೆ ಅಂಗುಳವೂ ಸೀಳಿರುತ್ತದೆ. ನಮ್ಮವನಿಗೂ ಸೀಳಿತ್ತು. ಹೆಸರು ಬಂದು ನೂರು ವರ್ಷ ದಾಟಿದೆ. ನಮ್ಮ ಜಿಲ್ಲೆಗೆ ಅದಿನ್ನೂ ಬಂದಂತೆ ಕಾಣುವುದಿಲ್ಲ.

ಸಿಸ್ಟರಿಗೆ ಅಲ್ಲಿಂದ ಮುಂದೆ ಏನು ಮಾಡಬೇಕೆಂದು ಕೇಳಲು ಯಾರೂ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಯಾವ ಆಸ್ಪತ್ರೆ? ಹೃದಯವೆಂದರೆ ಜಯದೇವ, ಕ್ಯಾನ್ಸರ್ ಎಂದರೆ ಕಿದ್ವಾಯಿ ಎಂದು ನಮ್ಮ ಅಡಿಕೆ ಕೊನೆ ಕೊಯ್ಯುವವನಿಗೂ ಗೊತ್ತು. ನವಜಾತ ಶಿಶುವಿನ ಉಸಿರಿನ ದಾರಿ ಎಂದರೆ ಎಲ್ಲಿಗೆ? ಡಾಕ್ಟರು ನಾಲ್ಕು ಕಡೆ ಫೋನ್ ಮಾಡಿದರು. ಒಂದು ಕಡೆ ಹಾಸಿಗೆ ಇಲ್ಲ, ಒಂದು ಕಡೆ ವೆಂಟಿಲೇಟರ್ ಇಲ್ಲ, ಒಂದು ಕಡೆ ‘ಬನ್ನಿ, ನೋಡೋಣ’. ಬನ್ನಿ ಎಂದ ಕಡೆಗೆ ಹೊರಟೆವು.

ಸಿಸ್ಟರಿಗೆ ನಮ್ಮೊಂದಿಗೆ ಬರಲಾಗಲಿಲ್ಲ. ಇನ್ನಿಬ್ಬರು ಗರ್ಭಿಣಿಯರು ನೋವು ತಿನ್ನುತ್ತಿದ್ದರು. ಆಂಬುಲೆನ್ಸಿನ ಬಾಗಿಲ ಬಳಿ ಬಂದು ಮಳೆಯಲ್ಲೇ ನಿಂತು ಹೇಳಿದರು: “ಮಾಸ್ತರೇ, ಯಾರು ಏನೇ ಹೇಳಲಿ, ಮಗು ಬೋರಲೇ ಇರಲಿ.”

ಆಂಬುಲೆನ್ಸಿನ ಹುಡುಗ ಮೊದಲು ಮಾಡಿದ್ದು ಮಗುವನ್ನು ಅಂಗಾತ ಮಲಗಿಸಿ ಪಟ್ಟಿ ಬಿಗಿದದ್ದು. ಅವನನ್ನು ದೂರುವುದಿಲ್ಲ. ಆರೋಗ್ಯವಂತ ಮಗುವನ್ನು ಅಂಗಾತವೇ ಮಲಗಿಸಬೇಕು, ಅದು ಸರಿಯಾದ ಪಾಠ. ಯಾವ ಮಗುವಿಗೆ ಆ ಪಾಠ ತಲೆಕೆಳಗಾಗುತ್ತದೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ಅಳಿಯನೂ ನಾನೂ ಅವನೊಂದಿಗೆ ಜಗಳವಾಡಿ ಪಟ್ಟಿ ಬಿಚ್ಚಿಸಿದೆವು. ನಾನು ಮಗುವನ್ನು ತೊಡೆಯ ಮೇಲೆ ಕಟ್ಟಿದ ಶಾಲಿನ ಮೇಲೆ ಬೋರಲು ಹಾಕಿಕೊಂಡು, ಕಿವಿ ಅದರ ಬೆನ್ನಿಗಿಟ್ಟು ಉಸಿರು ಎಣಿಸುತ್ತ ಕುಳಿತೆ. ನಿಮಿಷಕ್ಕೆ ಎಪ್ಪತ್ತಕ್ಕೂ ಮೇಲೆ. ನವಜಾತ ಶಿಶುವಿಗೆ ನಲವತ್ತರಿಂದ ಅರವತ್ತು ಇರಬೇಕಂತೆ, ಅದು ಆಮೇಲೆ ತಿಳಿದದ್ದು.

ಮೊದಲು ಮುಟ್ಟಿದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯಲು ಮತ್ತೆ ಅಂಗಾತ ಮಲಗಿಸಿದರು. ನೀಲಿಯಾಯಿತು. ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆ ಇಳಿಸಲು ನೋಡಿದರು. ದವಡೆ ಸಣ್ಣದಿದ್ದರೆ ಧ್ವನಿಪೆಟ್ಟಿಗೆ ಕಣ್ಣಿಗೇ ಬೀಳುವುದಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಸಲಕ್ಕೆ ರಕ್ತ ಬಂತು. ನಮ್ಮಲ್ಲಿ ಆಗುವುದಿಲ್ಲ, ಮುಂದಕ್ಕೆ ಒಯ್ಯಿರಿ ಎಂದರು. ಮುಂದಿನದನ್ನು ವಿವರಿಸಿ ನಿಮ್ಮ ಹೊತ್ತು ತೆಗೆಯುವುದಿಲ್ಲ. ಹುಟ್ಟಿದ ಹದಿನಾಲ್ಕು ಗಂಟೆಗಳ ಬಳಿಕ, ಮೂರನೆಯ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸಕರೊಬ್ಬರು ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಕೆ ಕೂರಿಸಿದರು. ಟ್ರೆಕಿಯಾಸ್ಟಮಿ. ಮಗು ಉಳಿಯಿತು.

ಗಂಟಲು ಸ್ವಲ್ಪ ಊದಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಹಳೆಯ ಚಟ, ಲೆಕ್ಕ ಮಾಡಿ ತೋರಿಸುತ್ತೇನೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ಧ್ವನಿಪೆಟ್ಟಿಗೆಯ ಕೆಳಗೆ ಉಸಿರಿನ ದಾರಿಯ ಅಡ್ಡಳತೆ ಸುಮಾರು 4ರಿಂದ 5 ಮಿಲಿಮೀಟರ್, ತೋಟದ ಹನಿ ನೀರಾವರಿಯ ಸಣ್ಣ ನಳಿಕೆಯಷ್ಟು. 4 ಎಂದಿಟ್ಟುಕೊಳ್ಳಿ. ಸುತ್ತಲೂ ಒಂದೇ ಮಿಲಿಮೀಟರ್ ಊದಿದರೆ ಉಳಿಯುವ ಅಡ್ಡಳತೆ 2. ಗಾಳಿ ಹಾಯುವ ಜಾಗ ಕಾಲು ಭಾಗಕ್ಕಿಳಿಯಿತು. ಉಸಿರೆಳೆಯುವ ಕಷ್ಟ ನಾಲ್ಕು ಪಟ್ಟಾಗುತ್ತದೆ ಎಂದು ಮಕ್ಕಳು ಉತ್ತರ ಬರೆಯುತ್ತಿದ್ದರು, ನಾನು ತಪ್ಪು ಹಾಕುತ್ತಿದ್ದೆ. ಸಣ್ಣ ನಳಿಕೆಗಳಲ್ಲಿನ ಹರಿವನ್ನು ಹೇಳುವ ಪ್ವಾಸೆಯ ನಿಯಮದಂತೆ ಅದು ಹದಿನಾರು ಪಟ್ಟು. ಅದೇ ಒಂದು ಮಿಲಿಮೀಟರ್ ಊತ ನಿಮಗೋ ನನಗೋ ಬಂದರೆ ಗಂಟಲು ಕೆರೆತ ಎಂದು ಬಿಸಿನೀರು ಕುಡಿದು ಮಲಗುತ್ತೇವೆ. ಮೂರು ಸಲ ನಳಿಕೆ ತಿವಿದಾಗ ನನ್ನ ಮೊಮ್ಮಗನ ಗಂಟಲಲ್ಲಿ ಏನಾಗಿರಬೇಕೆಂದು ಈಗ ಊಹಿಸಿ.

ನಳಿಕೆ ಹಾಕಿದ ಶಸ್ತ್ರಚಿಕಿತ್ಸಕರು ಕೆಲವು ದಿನಗಳ ನಂತರ, ರೌಂಡ್ಸ್ ಮುಗಿಸಿ, ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತರು. ಅವರ ಪ್ರಾಮಾಣಿಕತೆಗೆ ನಾನು ಋಣಿ. ಕುತ್ತಿಗೆಗೆ ನಳಿಕೆ ಹಾಕುವುದು ಈ ಮಕ್ಕಳಿಗೆ ಕೊನೆಯ ಮೆಟ್ಟಿಲು ಎಂದರು. ಮೊದಲನೆಯದು ಬೋರಲು ಮಲಗಿಸುವುದು. ಅದು ಸಾಲದಿದ್ದರೆ ಮೂಗಿನ ಮೂಲಕ ನಾಲಿಗೆಯ ಹಿಂಬದಿಯವರೆಗೆ ಒಂದು ಮೆದು ನಳಿಕೆ. ಅದಕ್ಕೆ ವಿಶೇಷ ಸಾಮಾನೂ ಬೇಡ, ಪ್ರತಿ ಹೆರಿಗೆ ಕೋಣೆಯಲ್ಲಿರುವ 3 ಅಥವಾ 3.5 ಮಿಲಿಮೀಟರ್ ನಳಿಕೆಯನ್ನು ಅಳತೆಗೆ ಕತ್ತರಿಸಿದರಾಯಿತು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಅಂಗುಳಕ್ಕೆ ಒಂದು ತಟ್ಟೆ ಕೂರಿಸುತ್ತಾರೆ, ಅದರ ಬಾಲ ಹಿಂದಕ್ಕೆ ಇಳಿದು ನಾಲಿಗೆಯನ್ನು ಮುಂದಕ್ಕೆ ತಳ್ಳಿ ಹಿಡಿಯುತ್ತದೆ; ಕತ್ತರಿಯೇ ಬೇಡ. ಇದಾವುದೂ ಆಗದಿದ್ದರೆ ದವಡೆ ಉದ್ದ ಮಾಡುವ ಶಸ್ತ್ರಚಿಕಿತ್ಸೆ. ಕೆಳದವಡೆಯ ಮೂಳೆಯನ್ನು ಎರಡೂ ಬದಿ ಕತ್ತರಿಸಿ, ಸಣ್ಣ ತಿರುಪಿನ ಸಾಧನ ಕೂರಿಸಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತಿರುಗಿಸುತ್ತ ಹೋಗುತ್ತಾರೆ. ಬಿಟ್ಟ ಸಂದಿನಲ್ಲಿ ಹೊಸ ಮೂಳೆ ತುಂಬುತ್ತದೆ, ದವಡೆಯ ಜೊತೆಗೆ ನಾಲಿಗೆಯೂ ಮುಂದೆ ಬರುತ್ತದೆ. “ನನ್ನ ಕೈಗೆ ಬಂದಾಗ ನಿಮ್ಮ ಮಗುವಿಗೆ ಮೆಟ್ಟಿಲು ಹತ್ತುವಷ್ಟು ಸಮಯವಿರಲಿಲ್ಲ ಮಾಸ್ತರೇ” ಎಂದರು.

ನಮ್ಮಲ್ಲಿ ಕೊನೆಯ ಮೆಟ್ಟಿಲೇ ಮೊದಲ ಮೆಟ್ಟಿಲಾಯಿತು. ತಡೆಯಬಹುದಿತ್ತೇ? ಬಹುದಿತ್ತೇನೋ. ಆ ರಾತ್ರಿ ಸಿಸ್ಟರ್ ಒಂದು ನಂಬರಿಗೆ ಕರೆ ಮಾಡಿ, ಮಗುವಿನ ಪಕ್ಕದ ಮುಖದ ಫೋಟೋವನ್ನೂ ಉಸಿರಾಟದ ಅರ್ಧ ನಿಮಿಷದ ವಿಡಿಯೋವನ್ನೂ ಕಳುಹಿಸುವಂತಿದ್ದರೆ, ಆ ಕಡೆಯವರು ‘ಬೋರಲೇ ಇರಲಿ, ಮೂಗಿನಿಂದ ಇಷ್ಟು ಸೆಂಟಿಮೀಟರ್ ನಳಿಕೆ ಇಳಿಸಿ, ಬಾಯಿಯಿಂದ ಪ್ರಯತ್ನ ಮಾಡಬೇಡಿ, ನೇರ ನಮ್ಮಲ್ಲಿಗೆ ಕಳುಹಿಸಿ’ ಎಂದಿದ್ದರೆ ಎಂದು ಈಗಲೂ ರಾತ್ರಿ ಎಚ್ಚರವಾದಾಗ ಲೆಕ್ಕ ಹಾಕುತ್ತೇನೆ.

ಮಾನ್ಯರೇ, ನಾನು ಕೇಳುತ್ತಿರುವುದು ಇಷ್ಟೇ, ಮತ್ತು ಇದನ್ನು ನೀವು ಈಗಾಗಲೇ ಒಂದು ಸಲ ಮಾಡಿ ತೋರಿಸಿದ್ದೀರಿ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದವರು ಕೂತಲ್ಲೇ ಓದುತ್ತಾರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ, ರೋಗಿ ಆಮೇಲೆ ಪ್ರಯಾಣ ಮಾಡುತ್ತಾನೆ. ಬಹಳ ಒಳ್ಳೆಯ ಯೋಜನೆ. ನಡುವಯಸ್ಸಿನ ಹೃದಯಕ್ಕೆ ಮಾಡಿದ್ದನ್ನು ಹುಟ್ಟಿದ ಮಗುವಿನ ಗಂಟಲಿಗೂ ಮಾಡಿ. ಇಲ್ಲಿ ದುಬಾರಿ ಚುಚ್ಚುಮದ್ದೂ ಬೇಡ. ನಾಲ್ಕಾರು ನಳಿಕೆ, ಒಂದು ಫೋನ್, ಆ ಫೋನಿನ ಇನ್ನೊಂದು ತುದಿಯಲ್ಲಿ ರಾತ್ರಿ ಎರಡು ಗಂಟೆಗೂ ಎತ್ತಿಕೊಳ್ಳುವ ಒಬ್ಬ ತಿಳಿದವರು.

ಆ ತಿಳಿದವರು ಎಲ್ಲಿ ಕೂರಬೇಕು? ಉತ್ತರ ಕನ್ನಡದವನೆಂದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳುತ್ತಾನೆ ಎಂದು ನೀವು ಕಾಯುತ್ತಿರಬಹುದು. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡ ಮೇಲೆ ಆ ಕೂಗು ರಾಜ್ಯಕ್ಕೆಲ್ಲ ಕೇಳಿದೆ, ನನ್ನ ದನಿಯೂ ಅದರಲ್ಲಿದೆ. ಆದರೆ ಈ ಪತ್ರದಲ್ಲಿ ನಾನು ಕಟ್ಟಡ ಕೇಳುತ್ತಿಲ್ಲ. ಇಂಥ ಮಕ್ಕಳನ್ನು ಜಿಲ್ಲೆಗೊಂದು ಕಡೆ ನೋಡಿಕೊಳ್ಳಲಾಗದು, ನೋಡಿಕೊಳ್ಳಲೂಬಾರದು. ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಮಕ್ಕಳು ಹುಟ್ಟುತ್ತಾರೆ. ಪಿಯರ್ ರಾಬಿನ್ ಹತ್ತು ಸಾವಿರಕ್ಕೊಂದರ ಸುಮಾರು, ಅಂದರೆ ನೂರು. ಮೂಗಿನ ಹಿಂಬಾಗಿಲು ಮೂಳೆಯಿಂದಲೋ ಪೊರೆಯಿಂದಲೋ ಮುಚ್ಚಿಕೊಂಡು ಹುಟ್ಟುವವು ಏಳೆಂಟು ಸಾವಿರಕ್ಕೊಂದು, ಅವೂ ನೂರಕ್ಕೆ ಮೇಲೆ. ಮೇಷ್ಟರ ಲೆಕ್ಕ, ನಿಮ್ಮ ಅಧಿಕಾರಿಗಳು ತಿದ್ದಲಿ. ಇಷ್ಟನ್ನು ಮೂವತ್ತೊಂದು ಜಿಲ್ಲೆಗೆ ಹಂಚಿದರೆ ಒಂದು ಜಿಲ್ಲೆಯ ಡಾಕ್ಟರಿಗೆ ಒಂದೊಂದು ಬಗೆಯವು ವರ್ಷಕ್ಕೆ ಮೂರೋ ನಾಲ್ಕೋ ಸಿಗುತ್ತವೆ. ವರ್ಷಕ್ಕೆ ಮೂರು ಮರ ಹತ್ತುವವನನ್ನು ನಾವು ತೋಟಕ್ಕೆ ಕರೆಯುವುದಿಲ್ಲ. ಕೈ ಕೂರುವುದು ದಿನಾ ಮಾಡಿದವನಿಗೆ.

ಆದ್ದರಿಂದ ನಾಲ್ಕು ಕಡೆ ಸಾಕು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಹುಬ್ಬಳ್ಳಿ, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಒಂದೊಂದು ಕಡೆಯೂ ನವಜಾತ ಶಿಶು ತಜ್ಞರು, ಮಕ್ಕಳ ಗಂಟಲಿನಲ್ಲಿ ಪಳಗಿದ ಕಿವಿ–ಮೂಗು–ಗಂಟಲು ತಜ್ಞರು, ಮಕ್ಕಳ ಅರಿವಳಿಕೆ ತಜ್ಞರು, ದವಡೆ–ಅಂಗುಳದ ಶಸ್ತ್ರಚಿಕಿತ್ಸಕರು, ನುಂಗುವುದನ್ನೂ ಮಾತನ್ನೂ ಕಲಿಸುವವರು ಒಂದೇ ಮೇಜಿಗೆ ಬರಬೇಕು. ಇವರಲ್ಲಿ ಹೆಚ್ಚಿನವರು ಈಗಾಗಲೇ ಸಂಬಳದ ಪಟ್ಟಿಯಲ್ಲಿದ್ದಾರೆ, ಬೇರೆ ಬೇರೆ ಮಹಡಿಗಳಲ್ಲಿದ್ದಾರೆ. ನಮ್ಮ ಮಗುವನ್ನು ಎತ್ತಿಕೊಂಡು ಅದೇ ಮಹಡಿಗಳನ್ನು ಹತ್ತಿ ಇಳಿದವನು ನಾನು. ಮೂಗಿನವರು ಮೂಗು ಸರಿಯಿದೆ ಎಂದರು, ಹಲ್ಲಿನವರು ಇನ್ನೂ ಹಲ್ಲಿಲ್ಲ ಎಂದರು, ಮಕ್ಕಳ ಡಾಕ್ಟರು ತೂಕ ಬರಲಿ ಎಂದರು. ಯಾರು ಹೇಳಿದ್ದೂ ಸುಳ್ಳಲ್ಲ.

ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ರಾಬಿನ್ ಕಾಟನ್ ಎಂಬ ತಜ್ಞರು (ಈ ಕತೆಯಲ್ಲಿ ಎರಡನೆಯ ರಾಬಿನ್, ಇವರಿಗೆ ಅದು ಮೊದಲ ಹೆಸರು) ಇನ್ನೊಬ್ಬರ ಜೊತೆ ಸೇರಿ 1980ರಲ್ಲೇ ಒಂದು ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ವೆಂಟಿಲೇಟರಿನ ನಳಿಕೆ ತೆಗೆಯಲಾಗದೆ ಒದ್ದಾಡುವ ಅವಧಿಪೂರ್ವ ಶಿಶುಗಳ ಗಂಟಲಿನ ಮೃದ್ವಸ್ಥಿಯ ಉಂಗುರವನ್ನು ಮುಂದಿನಿಂದ ಸೀಳಿ ಸಡಿಲಿಸುವುದು, ಕುತ್ತಿಗೆಗೆ ರಂಧ್ರ ಮಾಡುವುದನ್ನು ತಪ್ಪಿಸುವುದು ಅದರ ಉದ್ದೇಶ. ಇದನ್ನು ಹೇಳಲು ಕಾರಣವಿದೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ನವಜಾತ ಶಿಶುಗಳ ವಿಶೇಷ ಘಟಕಗಳಿವೆ. ಹಿಂದೆ ಬದುಕದಿದ್ದ ಒಂದೂಕಾಲು ಕಿಲೋ ಮಕ್ಕಳು ಈಗ ಬದುಕುತ್ತವೆ. ಇದು ನಿಮ್ಮ ಇಲಾಖೆಯ ಹೆಮ್ಮೆ, ಇರಲೇಬೇಕು. ಆದರೆ ವಾರಗಟ್ಟಲೆ ನಳಿಕೆ ಉಜ್ಜಿದ ಗಂಟಲಿನಲ್ಲಿ ಗಾಯ ಮಾಗುವಾಗ ದಾರಿಯೇ ಕಿರಿದಾಗುವ ಮಕ್ಕಳೂ ಇರುತ್ತವೆ. ಮನೆಗೆ ಬಂದು ತಿಂಗಳಾದ ಮೇಲೆ ಉಸಿರೆಳೆದಾಗಲೆಲ್ಲ ಕೊರ್ ಎನ್ನತೊಡಗುತ್ತವೆ. ಅಜ್ಜಿಯಂದಿರು ಕಫ ಕಟ್ಟಿದೆ ಎಂದು ಬಜೆ ತೇಯ್ದು ನೆಕ್ಕಿಸುತ್ತಾರೆ. ಡಾಕ್ಟರು ಉಬ್ಬಸ ಎಂದು ಸಿರಪ್ ಬರೆಯುತ್ತಾರೆ. ಕೆಲವೊಮ್ಮೆ ಆ ಸದ್ದು ನಿಜಕ್ಕೂ ಹೆದರಬೇಕಾದದ್ದಲ್ಲ. ಧ್ವನಿಪೆಟ್ಟಿಗೆಯ ಮೇಲಿನ ಭಾಗ ಎಳಸಾಗಿದ್ದು ಒಳಕ್ಕೆ ಮಡಚಿಕೊಳ್ಳುವುದೇ ಎಳೆಮಕ್ಕಳ ಕೊರಕೊರಕ್ಕೆ ಅತಿ ಸಾಮಾನ್ಯ ಕಾರಣವಂತೆ. ಹೆಚ್ಚಿನವರಿಗೆ ಒಂದೂವರೆ ಎರಡು ವರ್ಷಕ್ಕೆ ತಾನಾಗಿಯೇ ಸರಿಹೋಗುತ್ತದೆ. ಆದರೆ ಯಾವುದು ಬಿಟ್ಟುಹೋಗುವ ಸದ್ದು, ಯಾವುದು ಕೊಲ್ಲುವ ಸದ್ದು ಎಂದು ಹೊರಗಿನಿಂದ ಕೇಳಿ ಹೇಳಲಾಗದು. ಒಳಗೆ ಇಣುಕಿ ನೋಡಬೇಕು. ಇಣುಕಲು ಎರಡು–ಮೂರು ಮಿಲಿಮೀಟರ್ ದಪ್ಪದ ದರ್ಶಕ ಬೇಕು, ಅದನ್ನು ಹಿಡಿಯಬಲ್ಲ ಕೈ ಬೇಕು.

ತಾಲ್ಲೂಕಿನಲ್ಲಿ ಏನು ಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಬಹಳ ಇಲ್ಲ. ಹುಟ್ಟಿದ ಮಗು ಉಸಿರಾಡುವುದು ಮೂಗಿನಿಂದ, ಬಾಯಿಯಿಂದ ಉಸಿರಾಡಲು ಅದಕ್ಕೆ ಇನ್ನೂ ಸರಿಯಾಗಿ ಬರುವುದಿಲ್ಲ. ಮೂಗಿನ ಹಿಂಬಾಗಿಲು ಎರಡೂ ಕಡೆ ಮುಚ್ಚಿದ್ದರೆ ಮಗು ಅಳುವಾಗ ಕೆಂಪು, ಸುಮ್ಮನಾದಾಗ ನೀಲಿ. ಪರೀಕ್ಷೆ ಒಂದು ತೆಳು ನಳಿಕೆಯದು: ಎರಡೂ ಹೊಳ್ಳೆಯಿಂದ ಗಂಟಲಿಗೆ ಇಳಿಯುತ್ತದೆಯೋ ಇಲ್ಲವೋ ಎಂದು ನೋಡುವುದು. ಕೆಲವು ರೂಪಾಯಿ, ಒಂದು ನಿಮಿಷ. ಇಳಿಯದಿದ್ದರೆ ಬಾಯಿ ತೆರೆದಿಡುವ ಸಣ್ಣ ಕೊಳವೆ ಹಾಕಿದರೆ ಪ್ರಯಾಣಕ್ಕೆ ಸಾಕು. ನಳಿಕೆ ಇಳಿಸಲಾಗದ ಮಗುವಿಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಲಾರಿಂಜಿಯಲ್ ಮಾಸ್ಕ್ ಎಂಬ ಸಾಧನವಿದೆ, ಒಂದನೇ ನಂಬರಿನದು ಐದು ಕಿಲೋವರೆಗಿನ ಮಕ್ಕಳಿಗೆ. ಅದು ನಮ್ಮ ಮಗುವನ್ನು ಮೂರು ಸಲ ತಿವಿದ ಕೋಣೆಯ ಕಪಾಟಿನಲ್ಲಿ ಇರಲಿಲ್ಲ, ಅಥವಾ ಇದ್ದರೂ ಯಾರಿಗೂ ನೆನಪಾಗಲಿಲ್ಲ. ನವಜಾತ ಶಿಶು ಸುರಕ್ಷಾ ತರಬೇತಿ 2009ರಿಂದ ನಡೆಯುತ್ತಿದೆ. ಹುಟ್ಟಿದ ಮೊದಲ ನಿಮಿಷದಲ್ಲಿ ಉಸಿರು ಕೊಡುವುದನ್ನು ಸಾವಿರಾರು ಸಿಸ್ಟರುಗಳಿಗೆ ಕಲಿಸಿದೆ. ಅದೇ ತರಬೇತಿಗೆ ಒಂದು ಮಧ್ಯಾಹ್ನ ಸೇರಿಸಿ. ಪಾಠ ಮಾಡಲು ನಮ್ಮ ಸಿಸ್ಟರನ್ನೇ ಕರೆಯಿರಿ. ಮುಖವನ್ನು ಪಕ್ಕದಿಂದ ನೋಡಬೇಕೆಂದು ಅವರು ಎರಡು ನಿಮಿಷದಲ್ಲಿ ಹೇಳಿಕೊಡುತ್ತಾರೆ.

ಇನ್ನು ಮನೆಗೆ ಬಂದ ಮೇಲಿನದು. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಏಕೆಂದರೆ ಇದು ಯಾವ ಕಡತದಲ್ಲೂ ಇಲ್ಲ.

ಕುತ್ತಿಗೆಯ ನಳಿಕೆಯಿಂದ ಉಸಿರಾಡುವ ಮಗು ಅತ್ತರೆ ಕೇಳಿಸುವುದಿಲ್ಲ. ಗಾಳಿ ಧ್ವನಿಪೆಟ್ಟಿಗೆಗೆ ಹೋಗುವ ಮೊದಲೇ ಹೊರಗೆ ಹೋಗಿಬಿಡುತ್ತದೆ. ಬಾಯಿ ತೆರೆಯುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣೀರು ಹರಿಯುತ್ತದೆ, ಸದ್ದಿಲ್ಲ. ದೂರದರ್ಶನದ ಧ್ವನಿ ತೆಗೆದು ನೋಡಿದ ಹಾಗೆ. ಮಗಳು ಮೊದಲ ವಾರ ನಿದ್ದೆಯನ್ನೇ ಮಾಡಲಿಲ್ಲ, ಕಣ್ಣು ಮುಚ್ಚಿದರೆ ಮಗು ಅಳುವುದು ಗೊತ್ತಾಗುವುದಿಲ್ಲವಲ್ಲ. ಕೊನೆಗೆ ನನ್ನ ಹೆಂಡತಿ ಪೆಟ್ಟಿಗೆಯಿಂದ ಹಳೆಯ ಗೆಜ್ಜೆ ತೆಗೆದು ಮಗುವಿನ ಎರಡೂ ಕಾಲಿಗೆ ಕಟ್ಟಿದಳು. ಕಾಲು ಬಡಿದರೆ ಘಲ್ ಎನ್ನುತ್ತಿತ್ತು, ನಾವು ಏಳುತ್ತಿದ್ದೆವು. ಒಂದೂವರೆ ವರ್ಷ ಆ ಗೆಜ್ಜೆಯೇ ಅವನ ಅಳು.

ನಳಿಕೆಯಲ್ಲಿ ಕಫ ಕಟ್ಟಿದರೆ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ. ಹೀರುವ ಯಂತ್ರದ ತೆಳು ಕೊಳವೆಯನ್ನು ನಳಿಕೆಯ ಉದ್ದದಷ್ಟೇ ಇಳಿಸಬೇಕು, ಅದಕ್ಕಿಂತ ಆಳಕ್ಕೆ ಹೋದರೆ ಗಾಯ. ಹತ್ತು ಸೆಕೆಂಡಿನೊಳಗೆ ಹೊರತೆಗೆಯಬೇಕು. ಕುತ್ತಿಗೆಯ ದಾರ ಒಂದು ಬೆರಳು ಹೋಗುವಷ್ಟೇ ಸಡಿಲವಿರಬೇಕು. ಹಾಸಿಗೆಯ ತಲೆಯ ಬಳಿ ಅದೇ ಅಳತೆಯ ಇನ್ನೊಂದು ನಳಿಕೆ, ಒಂದು ಅಳತೆ ಚಿಕ್ಕದರ ಮತ್ತೊಂದು ನಳಿಕೆ ಸದಾ ಇರಬೇಕು. ಜಾರಿ ಹೊರಬಂದರೆ ಕೂಡಲೇ ಹಾಕಲು. ಇದನ್ನೆಲ್ಲ ನಮಗೆ ಕಲಿಸಿದ್ದು ವಾರ್ಡಿನ ರಾತ್ರಿ ಪಾಳಿಯ ಒಬ್ಬ ಸಿಸ್ಟರ್, ತಮ್ಮ ಊಟದ ಬಿಡುವಿನಲ್ಲಿ. ಬಿಡುಗಡೆಯ ಚೀಟಿಯಲ್ಲಿ ಬರೆದಿದ್ದದ್ದು ‘ಟ್ರೆಕಿಯಾಸ್ಟಮಿ ಆರೈಕೆ ತಿಳಿಸಲಾಗಿದೆ’ ಎಂಬ ಒಂದು ಸಾಲು.

ಯಂತ್ರ ನಾವೇ ಕೊಂಡೆವು, ಹನ್ನೊಂದು ಸಾವಿರ. ದಿನಕ್ಕೆ ಏಳೆಂಟು ಕೊಳವೆ ನಾವೇ ಕೊಂಡೆವು, ಅದೂ ಕೊರಿಯರಿನಲ್ಲಿ ಬರಬೇಕು. ಶಸ್ತ್ರಚಿಕಿತ್ಸೆಯ ಖರ್ಚನ್ನು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಭರಿಸಿತು, ಅದಕ್ಕೆ ಕೃತಜ್ಞತೆ ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಆ ಯೋಜನೆಯ ಲೆಕ್ಕ ಆಸ್ಪತ್ರೆಯ ಮಂಚದ ಲೆಕ್ಕ. ಮಂಚ ಬಿಟ್ಟು ಕೆಲವು ದಿನಗಳಾದ ಮೇಲೆ ಮಗು ಅದಕ್ಕೆ ಕಾಣುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ ಹೋದೆ. ಹುಟ್ಟಿನ ದೋಷಗಳೆಂದು ಅದು ಒಂಬತ್ತನ್ನು ಹೆಸರಿಸಿದೆ. ಸೀಳು ತುಟಿ–ಅಂಗುಳ ಇದೆ, ತಿರುಚು ಪಾದ ಇದೆ, ಹೃದಯ ಇದೆ, ಕಿವುಡು ಇದೆ. ಉಸಿರಿನ ದಾರಿ ಇಲ್ಲ. ನಮ್ಮವನು ಅಂಗುಳದ ಬಾಗಿಲಿನಿಂದ ಒಳಗೆ ಹೋದ. ಅಂಗುಳ ಸೀಳದೆ ಬರೀ ಗಂಟಲು ಕಿರಿದಾದ ಮಗು ಯಾವ ಬಾಗಿಲಿನಿಂದ ಹೋಗಬೇಕು? ಹತ್ತನೆಯ ಸಾಲೊಂದನ್ನು ರಾಜ್ಯದ ಮಟ್ಟಿಗಾದರೂ ಸೇರಿಸಿ, ಮನೆಗೆ ಬೇಕಾದ ಯಂತ್ರ, ಕೊಳವೆ, ಬದಲಿ ನಳಿಕೆಗಳನ್ನು ಆ ಸಾಲಿನ ಕೆಳಗೆ ಕೊಡಿ.

ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಮೂರು ದಿನವೂ ಆಗುತ್ತದೆ. ಇನ್ವರ್ಟರ್ ಒಂದು ರಾತ್ರಿಗೆ ಸುಸ್ತಾಗುತ್ತದೆ. ಕಾಲಿನಿಂದ ತುಳಿಯುವ ಹೀರು ಪಂಪು ಇದೆಯೆಂದು ತಿಳಿದದ್ದು ಮೊದಲ ಮಳೆಗಾಲದ ನಡುವೆ, ಅದೂ ಅಳಿಯನ ಸ್ನೇಹಿತನಿಂದ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಪಂಪು ಹೊರಗೆ ಚಿಮ್ಮುತ್ತದೆ, ಇದು ಒಳಗೆ ಎಳೆಯುತ್ತದೆ, ತುಳಿತ ಒಂದೇ. ತರಿಸಿಕೊಂಡ ಮೇಲೆ ಎಷ್ಟೋ ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ತುಳಿದಿದ್ದೇನೆ. ಆ ವರ್ಷ ಅಡಿಕೆ ಬೇಯಿಸುವ ಒಲೆಯನ್ನು ಮನೆಯಿಂದ ದೂರ ಹಾಕಿದೆವು, ಸುಲಿಯುವ ಕೆಲಸವನ್ನು ನೆಂಟರ ಅಂಗಳಕ್ಕೆ ಸಾಗಿಸಿದೆವು. ಮೂಗು ಸೋಸುವ ಧೂಳನ್ನು ಕುತ್ತಿಗೆಯ ರಂಧ್ರ ಸೋಸುವುದಿಲ್ಲ.

ನಮ್ಮೂರಿನ ಆಶಾ ಕಾರ್ಯಕರ್ತೆಯ ಬಗ್ಗೆ ಬರೆಯದಿದ್ದರೆ ಪತ್ರ ಪೂರ್ಣವಾಗುವುದಿಲ್ಲ. ನವಜಾತ ಶಿಶುವಿನ ಮನೆಗೆ 42ನೆಯ ದಿನದವರೆಗೆ ಭೇಟಿ ಕೊಡುವುದು ಅವರ ಕರ್ತವ್ಯ. ಮಗು ಮನೆಗೆ ಬರುವಷ್ಟರಲ್ಲಿ ಆ ದಿನ ಕಳೆದಿತ್ತು. ಆದರೂ ಬಂದರು. ಅವರ ನಮೂನೆಯಲ್ಲಿ ತೂಕ, ಜ್ವರ, ಹೊಕ್ಕುಳು ಎಲ್ಲಕ್ಕೂ ಚೌಕವಿದೆ, ಕುತ್ತಿಗೆಯ ನಳಿಕೆಗೆ ಇಲ್ಲ. ಅವರು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾವೇ ಒಂದು ಚೌಕ ಬರೆದುಕೊಂಡರು. ಮಗಳಿಗೆ ಜ್ವರ ಬಂದ ನಾಲ್ಕು ದಿನ ಸರದಿಯ ಮೇಲೆ ಕೂತು ಕಫ ತೆಗೆದವರು ಅವರೇ. ಅದಕ್ಕೆ ಅವರಿಗೆ ಯಾವ ಪ್ರೋತ್ಸಾಹಧನವೂ ಬರಲಿಲ್ಲ. ಈ ವಾಕ್ಯವನ್ನು ನಿಮ್ಮ ಕಾರ್ಯದರ್ಶಿಗಳು ಗುರುತು ಹಾಕಿಕೊಳ್ಳಲಿ.

ಮಗುವಿಗೆ ಒಂಬತ್ತು ತಿಂಗಳಾದಾಗ ದವಡೆ ಉದ್ದ ಮಾಡಿದರು. ದಿನವೂ ತಿರುಪು ತಿರುಗಿಸುವ ಕೆಲಸವನ್ನು ಅಳಿಯ ಕಲಿತ. ಮೋಟಾರು ರಿಪೇರಿ ಮಾಡುವವನು, ನಟ್ಟು ಬೋಲ್ಟುಗಳ ಮುಂದೆ ಎಂದೂ ನಡುಗದವನು, ಮೊದಲ ದಿನ ಆ ಸಣ್ಣ ತಿರುಪು ಹಿಡಿದು ಬೆವೆತ. ಹದಿನೆಂಟನೆಯ ತಿಂಗಳಿಗೆ ಕುತ್ತಿಗೆಯ ನಳಿಕೆ ಹೊರಬಂತು. ಆಮೇಲೆ ಅಂಗುಳ ಹೊಲಿದರು. ಅಲ್ಲಿಯವರೆಗೂ ಹಾಲು ಕುಡಿದದ್ದು ಮೊದಲು ಮೂಗಿನ ನಳಿಕೆಯಲ್ಲಿ, ಆಮೇಲೆ ನನ್ನ ಹೆಂಡತಿಯ ತವರಿನ ಬೆಳ್ಳಿ ಒಳಲೆಯಲ್ಲಿ. ಈಗ ಅಂಗನವಾಡಿಗೆ ಹೋಗುತ್ತಾನೆ, ಕ ಮತ್ತು ಗ ಸ್ವಲ್ಪ ಮೂಗಿನಲ್ಲಿ ಬರುತ್ತವೆ. ವಾರಕ್ಕೊಮ್ಮೆ ಮಾತು ಕಲಿಸುವವರ ಬಳಿಗೆ ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರುತ್ತಾರೆ.

ಹೀರುವ ಯಂತ್ರವನ್ನೂ ತುಳಿಯುವ ಪಂಪನ್ನೂ ಒರೆಸಿ ಅಟ್ಟಕ್ಕೆ ಹಾಕಿದ್ದೆವು. ಕಳೆದ ಮಾರ್ಗಶಿರದಲ್ಲಿ ಯಲ್ಲಾಪುರದ ಕಡೆಯ ಕುಟುಂಬವೊಂದು ನಮ್ಮ ಮನೆ ಹುಡುಕಿಕೊಂಡು ಬಂತು. ಅವರಿಗೂ ಕುತ್ತಿಗೆಯಲ್ಲಿ ನಳಿಕೆ ಇರುವ ಮಗು, ಐದು ತಿಂಗಳ ಹೆಣ್ಣು. ಯಾರು ಕಳುಹಿಸಿದರು ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಹೇಳಿದರು ಎಂದರು: ಶಿರಸಿಯ ಹತ್ತಿರ ಒಬ್ಬ ಮಾಸ್ತರರಿದ್ದಾರೆ, ಅವರ ಬಳಿ ಯಂತ್ರವಿದೆ, ಉಪಯೋಗಿಸುವುದನ್ನೂ ಹೇಳಿಕೊಡುತ್ತಾರೆ. ಮಾನ್ಯರೇ, ನಿಮ್ಮ ಎರಡು ಇಲಾಖೆಗಳ ನಡುವೆ ಈಗ ಇರುವ ವ್ಯವಸ್ಥೆ ಇದು. ಯಂತ್ರ, ಪಂಪು ಎರಡನ್ನೂ ಕೊಟ್ಟೆವು. ಮಗಳು ಅವರ ಮನೆಗೆ ಹೋಗಿ ನಾಲ್ಕು ದಿನ ಉಳಿದು ಕಲಿಸಿ ಬಂದಳು. ಬರುವ ಮೊದಲು ಹೆಂಡತಿ ಕೊಟ್ಟ ಗೆಜ್ಜೆಯನ್ನೂ ಕಟ್ಟಿ ಬಂದಳು.

ಯಂತ್ರ ಇನ್ನೂ ಅವರಲ್ಲೇ ಇದೆ. ಅವರ ಮಗುವಿನದು ಮುಗಿದ ಮೇಲೆ ಬೇಕಾದರೆ ಇಲಾಖೆಗೆ ಕೊಡುತ್ತೇವೆ, ರಸೀದಿ ಸಹಿತ.

ಇಂತಿ,
ಶಿರಸಿ ತಾಲ್ಲೂಕಿನ ಒಬ್ಬ ನಿವೃತ್ತ ಮಾಸ್ತರ